ಬಸವಣ್ಣನವರ ಭಾವಚಿತ್ರದಿಂದ ತೈಲವರ್ಣ ಕಲಿಸುವ ಕಲಬುರಗಿಯ ಒಂದು ತರಗತಿ

ಕಲಬುರಗಿಯ ಸೂಪರ್ ಮಾರ್ಕೆಟ್ ಸಮೀಪದ ಓಣಿಯೊಂದರ ಮಹಡಿಯಲ್ಲಿ ಹಿರಿಯ ಕಲಾವಿದರೊಬ್ಬರು ಭಾನುವಾರಗಳಂದು ನಡೆಸುವ ತೈಲವರ್ಣದ ತರಗತಿಯಲ್ಲಿ, ಹೊಸದಾಗಿ ಸೇರಿದವರೆಲ್ಲರೂ ಮೊದಲು ಬಸವಣ್ಣನವರ ಒಂದೇ ಭಾವಚಿತ್ರವನ್ನು ನಕಲು ಮಾಡಬೇಕು. ನಕಲು ಮಾಡುವುದು ಕಲಿಕೆಯೇ ಅಲ್ಲವೆಂದು ಮೂಗು ಮುರಿಯುವವರಿದ್ದಾರೆ. ತರಗತಿಯನ್ನು ಪೂರ್ತಿ ಮುಗಿಸಿದ ನಾನು ಆ ಮಾತನ್ನು ಒಪ್ಪಲಾರೆ. ಪೌರಾಣಿಕ ಚಿತ್ರಗಳಿಗೆ ಹೆಸರಾದ ಎಸ್. ಎಂ. ಪಂಡಿತ್ (1916–1993) ಅವರು ಹುಟ್ಟಿದ ಊರಿನಲ್ಲಿ ಈ ಪದ್ಧತಿ ಉಳಿದಿರುವುದು ಸಂತೋಷದ ಸಂಗತಿ.

ಹನ್ನೆರಡನೆಯ ಶತಮಾನದ ಬಸವಣ್ಣನವರನ್ನು ಕಂಡು ಬರೆದ ಚಿತ್ರ ನಮಗೆ ದೊರೆತಿಲ್ಲ. ನಮ್ಮ ಮನೆಗಳ ಗೋಡೆಯ ಮೇಲಿರುವುದು ಬಹಳ ನಂತರದ ಕಲಾವಿದರ ಕಲ್ಪನೆ. ಆದರೂ ಆ ಮುಖ ಈ ಭಾಗದಲ್ಲಿ ಎಲ್ಲರಿಗೂ ಎಷ್ಟು ಪರಿಚಿತವೆಂದರೆ, ಕಣ್ಣಿನ ಗೆರೆ ತುಸು ಜಾರಿದರೂ ಮನೆಯ ಹಿರಿಯರು ಕೂಡಲೇ ಗುರುತಿಸುತ್ತಾರೆ. ಅಂದಾಜಿಗೆ ಅವಕಾಶವೇ ಇಲ್ಲದ ಇಂಥ ಚಿತ್ರವನ್ನು ಆರಿಸಿದ್ದರಲ್ಲಿಯೇ ಗುರುಗಳ ಜಾಣ್ಮೆಯಿದೆ. ಚೌಕಗಳನ್ನು ಹಾಕಿ ರೇಖೆ ಮೂಡಿಸಿದ ಮೇಲೂ ಅವರು ಬಣ್ಣಗಳನ್ನು ಮುಟ್ಟಗೊಡುವುದಿಲ್ಲ. ಬರ್ಂಟ್ ಅಂಬರ್ ಎಂಬ ಗಾಢ ಕಂದು ವರ್ಣವೊಂದನ್ನೇ ಟರ್ಪೆಂಟೈನ್‌ನಲ್ಲಿ ತೆಳುಮಾಡಿಸಿ ನೆರಳು ಬೆಳಕನ್ನು ಮಾತ್ರ ಬರೆಸುತ್ತಾರೆ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಆ ಪದರ ಬೇಗ ಒಣಗುತ್ತದೆ. ಮುಂದಿನ ಪದರಗಳಲ್ಲಿ ಅಗಸೆ ಎಣ್ಣೆಯ ಪ್ರಮಾಣವನ್ನು ಹೆಚ್ಚಿಸುತ್ತ ಹೋಗಬೇಕು. ಇದು ತಿರುವುಮುರುವಾದರೆ ಮೇಲಿನ ಪದರ ಮೊದಲು ಗಟ್ಟಿಯಾಗಿ, ಕೆಳಗಿನದು ಒಣಗುತ್ತ ಸರಿದಾಡಿದಾಗ ಬಿರುಕು ಬಿಡುತ್ತದೆ.

ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸಿದ ಪಾಠ ವಿಭೂತಿಯದು. ಹಣೆಯ ಮೂರು ಪಟ್ಟೆಗಳನ್ನು ಟೈಟಾನಿಯಂ ಬಿಳಿಯಿಂದ ನೇರವಾಗಿ ಎಳೆದರೆ ಅವು ಚರ್ಮಕ್ಕೆ ಅಂಟಿಸಿದ ಕಾಗದದಂತೆ ಕಾಣುತ್ತವೆ. ಮೈಬಣ್ಣ ಪೂರ್ಣವಾಗಿ ಒಣಗುವವರೆಗೆ ಕಾದು, ಬಹುತೇಕ ಬಣ್ಣವಿಲ್ಲದ ಒಣ ಕುಂಚವನ್ನು ಹಗುರವಾಗಿ ಆಡಿಸಬೇಕು. ಬೆಳಕು ಬೀಳುವ ಕಡೆ ಬಿಳಿಗೆ ಹಳದಿ ಓಕರ್‌ನ ಸುಳಿವು, ಹಣೆ ತಿರುಗಿ ನೆರಳಿಗೆ ಹೋಗುವಲ್ಲಿ ನೀಲಿ ಛಾಯೆಯ ಬೂದು. ಆಗ ಕೆಳಗಿನ ಚರ್ಮ ಅಲ್ಲಲ್ಲಿ ಇಣುಕಿ, ಭಸ್ಮವು ಭಸ್ಮವಾಗಿಯೇ ಕಾಣುತ್ತದೆ. ರುದ್ರಾಕ್ಷಿಯನ್ನೂ ಮಣಿಮಣಿಯಾಗಿ ಬರೆಯದೆ, ಸರವನ್ನು ಇಡಿಯಾಗಿ ಒಂದು ನೆರಳೆಂದು ನೋಡಿ, ಕೆಲವು ಮಣಿಗಳಿಗೆ ಮಾತ್ರ ಬೆಳಕು ಕೊಡಲು ಕಲಿಸುತ್ತಾರೆ.

ಕೊರತೆಗಳೂ ಇವೆ. ಮಾದರಿಯಾಗಿ ಕೊಡುವುದು ಹಳೆಯ ಕ್ಯಾಲೆಂಡರಿನ ಮುದ್ರಿತ ಪ್ರತಿ; ಅದರ ಕೆಂಪು ಬಿಸಿಲಿಗೆ ಮಾಸಿರುವುದರಿಂದ, ಕಂಡದ್ದನ್ನೇ ನಿಷ್ಠೆಯಿಂದ ಬರೆದವರ ಚಿತ್ರದಲ್ಲಿ ಮುಖ ಹಸಿರುಗಟ್ಟುತ್ತದೆ. ಗುರುಗಳು ತಾವೇ ಬರೆದ ತೈಲಚಿತ್ರವನ್ನು ಮುಂದಿಟ್ಟರೆ ಕುಂಚದ ಜಾಡನ್ನೂ ಓದಲು ಸಾಧ್ಯವಾದೀತು. ಇನ್ನೊಂದು, ಗಾಳಿಯ ಸಮಸ್ಯೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುವುದರಿಂದ ಕಿಟಕಿ ಮುಚ್ಚುತ್ತಾರೆ, ಟರ್ಪೆಂಟೈನ್ ಆವಿ ಕೋಣೆಯಲ್ಲೇ ನಿಲ್ಲುತ್ತದೆ. ಉಬ್ಬಸ ಇರುವವರು ಚಳಿಗಾಲದಲ್ಲಿ ಸೇರುವುದು ಒಳಿತು. ಕ್ಯಾನ್ವಾಸ್ ಸಾಧಾರಣ ಗುಣಮಟ್ಟದ್ದು. ಸ್ವಂತದ್ದನ್ನು ತಂದರೆ ಅಡ್ಡಿಯಿಲ್ಲ.

ಅವಸರಪಡುವವರಿಗೆ ಇದು ಹೇಳಿದ ತರಗತಿಯಲ್ಲ, ಏಕೆಂದರೆ ತೈಲವರ್ಣ ನೀರಿನಂತೆ ಆರಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಚಿತ್ರ ಮುಗಿದು ಆರು ತಿಂಗಳಾದ ಮೇಲೆ ಅದನ್ನು ಮರಳಿ ತಂದರೆ ಗುರುಗಳು ಬೇರೆ ಶುಲ್ಕವಿಲ್ಲದೆ ವಾರ್ನಿಷ್ ಹಚ್ಚಿಸಿಕೊಡುತ್ತಾರೆ.