ಪೋಕ್‌ಮಾನ್ ಡ್ಯುಯೆಲ್ ಹೋದ ಮೇಲೆ ಆಡಿ ನೋಡಿದ ಎರಡು ಆಟಗಳು

ಹಲಗೆಯ ಮೇಲೆ ಕಾಯಿ ನಡೆಸಿ ಇಬ್ಬರು ಆಡುವ ಮೊಬೈಲ್ ಆಟ ಪೋಕ್‌ಮಾನ್ ಡ್ಯುಯೆಲ್ 2019ರ ಅಕ್ಟೋಬರ್ 31ರಂದು ನಿಂತುಹೋಯಿತು. ಆ ಜಾಗ ತುಂಬಲೆಂದು ಪೋಕ್‌ಮಾನ್ ರಂಬಲ್ ರಶ್ ಮತ್ತು ಪೋಕ್‌ಮಾನ್ ಕ್ವೆಸ್ಟ್ ಎರಡನ್ನೂ ತಿಂಗಳುಗಟ್ಟಲೆ ಆಡಿದೆ. ಎರಡೂ ಅದರ ಹತ್ತಿರ ಸುಳಿಯಲಿಲ್ಲ.

ಮೂರೂ ಉಚಿತ ಆಟಗಳೇ, ಮೂರರಲ್ಲೂ ಒಳಗೆ ಅಂಗಡಿ ಇತ್ತು. ನಾನು ಒಂದು ಕಾಸೂ ಹಾಕಲಿಲ್ಲ. ಹಿಂದೆ ಇದೇ ಜಾತಿಯ ಬೇರೊಂದು ಆಟದಲ್ಲಿ ದುಡ್ಡು ಕೊಟ್ಟು ಹರಳುಗಳನ್ನು (ಆಟದೊಳಗಿನ ನಾಣ್ಯ) ಕೊಂಡಿದ್ದೆ. ಕೆಲವೇ ವಾರಗಳಲ್ಲಿ ಅದು ಮುಚ್ಚಿತು. ಹಾಗಾಗಿ ಇಲ್ಲಿನ ಮಾತೆಲ್ಲ ದುಡ್ಡು ಕೊಡದೆ ಆಡುವವನದು.

ಡ್ಯುಯೆಲ್‌ನ ಹಲಗೆಯಲ್ಲಿ 28 ಮನೆ, ಒಬ್ಬೊಬ್ಬರಿಗೆ ಆರು ಕಾಯಿ, ಯೋಚಿಸಲು ಒಟ್ಟು ಐದೈದು ನಿಮಿಷ. ಎದುರಾಳಿಯ ಗುರಿಮನೆಗೆ ನಿಮ್ಮ ಒಂದು ಕಾಯಿ ಹೊಕ್ಕರೆ ಗೆಲುವು. ಹೊಡೆದಾಟ ನಡೆದಾಗ ಎರಡೂ ಕಾಯಿಗಳ ಬಣ್ಣಬಣ್ಣದ ಚಕ್ರ ತಿರುಗುತ್ತದೆ, ನಿಂತ ಬಣ್ಣವೇ ಆ ಕಾಯಿಯ ಏಟು: ನೇರಳೆ ಬಿಳಿಯನ್ನು ಸೋಲಿಸುತ್ತದೆ, ಚಿನ್ನದ ಬಣ್ಣ ನೇರಳೆಯನ್ನು, ನೀಲಿ ಎಲ್ಲವನ್ನೂ. ಕೆಂಪು ಬಿದ್ದರೆ ಏಟು ತಪ್ಪಿತು. ಅದೃಷ್ಟದಾಟ ಎಂದು ಹಲವರು ಬೈಯುತ್ತಿದ್ದರು. ಆದರೆ ಎದುರಾಳಿಯ ಕಾಯಿಯನ್ನು ಎಲ್ಲ ಕಡೆಯಿಂದ ಸುತ್ತುವರಿದರೆ ಚಕ್ರ ತಿರುಗಿಸದೆಯೇ ಅದು ಹೊರಕ್ಕೆ ಹೋಗುತ್ತದೆ. ನನ್ನ ಬಳಿ ಅಪರೂಪದ ಕಾಯಿಗಳಿರಲಿಲ್ಲ, ಅರ್ಧ ಗೆಲುವುಗಳು ಹೀಗೆ ಸುತ್ತುವರಿದೇ ಬಂದವು.

ರಂಬಲ್ ರಶ್‌ನಲ್ಲಿ ಪೋಕ್‌ಮಾನ್ ತಾನಾಗಿಯೇ ನಡೆಯುತ್ತಿತ್ತು, ನಾವು ಪರದೆ ಕುಟ್ಟುತ್ತಿರಬೇಕಿತ್ತು. ಅದನ್ನು ಸಹಿಸಬಹುದಿತ್ತು. ಸಹಿಸಲಾಗದ್ದು ಅದಿರಿನ ಕಾಟ. ಕೊನೆಯ ದೈತ್ಯನನ್ನು ಕೆಡವಿದರೆ ಕೈಗೆ ಬರುತ್ತಿದ್ದುದು ಬಹುಮಾನವಲ್ಲ, ಅದಿರು. ಅದನ್ನು ಕುಲುಮೆಗೆ ಹಾಕಿ, ಗಡಿಯಾರ ನೋಡುತ್ತ ಕಾಯಬೇಕಿತ್ತು. ಒಳಗಿರುವುದು ಬಲ ಹೆಚ್ಚಿಸುವ ಸಲಕರಣೆಯೋ ಇನ್ನೊಂದೋ, ಕರಗಿದ ಮೇಲೆಯೇ ಗೊತ್ತಾಗುತ್ತಿತ್ತು. ಕಾಯಲಾರದವರು ಆಟದೊಳಗಿನ ನಾಣ್ಯವಾದ ವಜ್ರ ಖರ್ಚು ಮಾಡಬಹುದಿತ್ತು.

ನಾನು ಆಡುವುದು ರಾತ್ರಿ ಮಲಗುವ ಮುನ್ನ ಹದಿನೈದು ನಿಮಿಷ. ಒಂದು ಹಂತ ಮುಗಿಯುವಷ್ಟರಲ್ಲಿ ಕುಲುಮೆ ತುಂಬಿರುತ್ತಿತ್ತು. ಆಮೇಲೆ ಗೆದ್ದರೂ ಬಂದ ಅದಿರನ್ನು ಇಡಲು ಜಾಗವಿಲ್ಲ. ಬೆಳಿಗ್ಗೆ ಎದ್ದು ತೆರೆದರೆ ಸಿಕ್ಕಿದ್ದು ನನ್ನಲ್ಲಿ ಆಗಲೇ ಇದ್ದುದಕ್ಕಿಂತ ಕೆಳಮಟ್ಟದ ಸಲಕರಣೆ. ಡ್ಯುಯೆಲ್‌ನಲ್ಲಿಯೂ ಗಂಟೆಗಟ್ಟಲೆ ಕಾದು ತೆರೆಯುವ ಪೆಟ್ಟಿಗೆಗಳಿದ್ದವು, ಒಪ್ಪುತ್ತೇನೆ. ಆದರೆ ಅಲ್ಲಿ ಪೆಟ್ಟಿಗೆ ತೆರೆಯದಿದ್ದರೂ ಮುಂದಿನ ಪಂದ್ಯದ ರುಚಿ ಕೆಡುತ್ತಿರಲಿಲ್ಲ. ಎದುರಿಗೆ ಯೋಚಿಸುವ ಮನುಷ್ಯನೊಬ್ಬ ಇರುತ್ತಿದ್ದ. ಇಲ್ಲಿ ಅದಿರು ಬಿಟ್ಟರೆ ಉಳಿಯುವುದು ಕುಟ್ಟುವ ಬೆರಳು ಮಾತ್ರ. ರಂಬಲ್ ರಶ್ ಕೂಡ 2020ರ ಜುಲೈ 22ರಂದು ಮುಚ್ಚಿತು. ಆ ದಿನ ನನಗೇನೂ ಅನ್ನಿಸಲಿಲ್ಲ.

ಕ್ವೆಸ್ಟ್ ಚಂದ. ಚೌಕಾಕಾರದ ಪೋಕ್‌ಮಾನ್‌ಗಳು, ಅಡುಗೆ ಮಾಡಿ ಅವನ್ನು ಕರೆಯುವ ಉಪಾಯ, ಎರಡೂ ಇಷ್ಟವಾದವು. ಹೋರಾಟ ಮಾತ್ರ ಬಹುಪಾಲು ತಾನೇ ನಡೆಯುತ್ತದೆ.

ಕಾಸು ಹಾಕದೆ, ದಿನಕ್ಕೆ ಕಾಲು ಗಂಟೆ, ಏನಾದರೊಂದು ಸಂಗ್ರಹಿಸಿದರೆ ಸಾಕು ಎನ್ನುವವರಿಗೆ ಕ್ವೆಸ್ಟ್ ಹಿಡಿಸುತ್ತದೆ. ನನಗೆ ಬೇಕಿದ್ದುದು ಎದುರಾಳಿ. ಹಾಗಾಗಿ ಡ್ಯುಯೆಲ್‌ನ 28 ಮನೆಗಳನ್ನು ರಟ್ಟಿನ ಮೇಲೆ ಗೀಚಿ, ಬಾಟಲಿ ಮುಚ್ಚಳಗಳನ್ನು ಕಾಯಿ ಮಾಡಿಕೊಂಡು, ಕಾಗದದ ಚಕ್ರಗಳಿಗೆ ಬಣ್ಣ ಬಳಿದು ತಂಗಿಯ ಜೊತೆ ಆಡುತ್ತಿದ್ದೇನೆ. ಸುತ್ತುವರಿಯುವುದನ್ನು ಅವಳು ಎರಡೇ ದಿನದಲ್ಲಿ ಕಲಿತಳು.