ರವದಿಯಿಂದ ಸಕ್ಕರೆ: ಒಂದು ಸೆಲ್ಯುಲೇಸ್ ಕಿಟ್ಟಿನ ಪರೀಕ್ಷೆ

ಜಮಖಂಡಿ ಭಾಗದಲ್ಲಿ ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ರವದಿಗೆ, ಅಂದರೆ ಒಣ ಸೋಗೆಗೆ, ಬೆಂಕಿ ಹಚ್ಚುವುದು ಇನ್ನೂ ನಿಂತಿಲ್ಲ. ಕಾರ್ಖಾನೆಗೆ ಹೋದ ಕಬ್ಬಿನ ಸಿಪ್ಪೆಯಾದರೂ ಬಾಯ್ಲರಿನಲ್ಲಿ ಉರಿದು ವಿದ್ಯುತ್ತಾಗುತ್ತದೆ. ರವದಿಗೆ ಆ ಭಾಗ್ಯವೂ ಇಲ್ಲ. ಆದ್ದರಿಂದ, ಕೃಷಿ ತ್ಯಾಜ್ಯವನ್ನು 24 ಗಂಟೆಗಳಲ್ಲಿ ಸಕ್ಕರೆಯಾಗಿಸುತ್ತದೆ ಎಂದು ಡಬ್ಬಿಯ ಮೇಲೆ ಮುದ್ರಿಸಿದ್ದ ಕಿಟ್ ಒಂದನ್ನು ನಮ್ಮ ಕಾಲೇಜಿನ ಪ್ರಯೋಗಾಲಯಕ್ಕೆ 2,800 ರೂಪಾಯಿ ಕೊಟ್ಟು ತರಿಸಿದೆವು. ಸಸ್ಯದ ನಾರಾದ ಸೆಲ್ಯುಲೋಸನ್ನು ಸಕ್ಕರೆಯಾಗಿ ಒಡೆಯುವ ಸೆಲ್ಯುಲೇಸ್ ಕಿಣ್ವದ ಪುಡಿ, ಹುಳಿಯ ಮಟ್ಟವನ್ನು ಒಂದೇ ಸಮ ಇಡುವ ಪಿಎಚ್ 4.8ರ ಸಿಟ್ರೇಟ್ ಬಫರ್, ಸಕ್ಕರೆ ಅಳೆಯುವ ಡಿಎನ್‌ಎಸ್ ದ್ರಾವಣ, ಸಕ್ಕರೆಯನ್ನು ಎಥೆನಾಲ್ ಆಗಿಸುವ ಒಣ ಯೀಸ್ಟ್ ಮತ್ತು ಎಂಟು ಪುಟಗಳ ಕೈಪಿಡಿ ಅದರಲ್ಲಿದ್ದವು.

ಪುಡಿಯ ಗುಣಮಟ್ಟದ ಬಗ್ಗೆ ದೂರಿಲ್ಲ. ಗಂಟುಕಟ್ಟದೆ ಕರಗುತ್ತದೆ, 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. (ಏಪ್ರಿಲ್ ತಿಂಗಳ ನಮ್ಮೂರಿನಲ್ಲಿ ಅಷ್ಟು ಬಿಸಿಗೆ ವಾಟರ್ ಬಾತ್ ಹೆಚ್ಚು ಕಷ್ಟಪಡಬೇಕಿಲ್ಲ.) ತೊಂದರೆ ಇರುವುದು ಕೈಪಿಡಿಯಲ್ಲಿ. ಒಣ ರವದಿಯನ್ನು ಪುಡಿಮಾಡಿ ಕಿಣ್ವ ಬೆರೆಸಿದರೆ ಸಾಕು ಎಂದು ಅದು ಹೇಳುತ್ತದೆ. ಆದರೆ ಸಸ್ಯದ ಗೋಡೆಯಲ್ಲಿ ಸೆಲ್ಯುಲೋಸ್ ಎಳೆಗಳನ್ನು ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್ ಸುತ್ತುವರಿದಿರುತ್ತವೆ. ಗೋಡೆಯನ್ನು ಗಟ್ಟಿಯಾಗಿ ಹಿಡಿದಿಡುವ ಆ ಲಿಗ್ನಿನನ್ನು ಮೊದಲೇ ಹದಗೊಳಿಸಿ ಸಡಿಲ ಮಾಡದೆ ಕಿಣ್ವಕ್ಕೆ ಒಳಗೆ ಹೋಗಲು ದಾರಿಯೇ ಸಿಗುವುದಿಲ್ಲ. ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ, 2022ರಲ್ಲಿ ಉದ್ಘಾಟನೆಗೊಂಡ, ಭತ್ತದ ಹುಲ್ಲಿನಿಂದ ದಿನಕ್ಕೆ 1 ಲಕ್ಷ ಲೀಟರ್ ಎಥೆನಾಲ್ ತಯಾರಿಸುವ ಸಾಮರ್ಥ್ಯದ ಘಟಕದಲ್ಲೂ ಕಿಣ್ವದ ಸರದಿ ಬರುವುದು ಹುಲ್ಲನ್ನು ಹದಗೊಳಿಸಿದ ನಂತರವೇ.

ನಾವು ಮೂರು ಬಾಟಲಿಗಳನ್ನು ಇಟ್ಟೆವು. ಒಂದರಲ್ಲಿ 5 ಗ್ರಾಂ ಹಸಿ ರವದಿ ಪುಡಿ, ಅಂದರೆ ಹದಗೊಳಿಸದೆ ಹಾಗೆಯೇ ಹಾಕಿದ್ದು, ಇನ್ನೊಂದರಲ್ಲಿ ಶೇ. 2ರ ಕಾಸ್ಟಿಕ್ ಸೋಡಾದಲ್ಲಿ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಬೇಯಿಸಿ), ನೀರು ತಿಳಿಯಾಗುವವರೆಗೆ ತೊಳೆದು ಒಣಗಿಸಿದ 5 ಗ್ರಾಂ. ಮೂರನೆಯದರಲ್ಲಿ ರವದಿಯೇ ಇಲ್ಲದೆ, ಉಳಿದೆರಡಕ್ಕೂ ಹಾಕಿದ್ದ ಬಫರ್ ಮತ್ತು ಅರ್ಧ ಗ್ರಾಂ ಕಿಣ್ವ ಮಾತ್ರ. ಈ ಮೂರನೆಯ ಬಾಟಲಿಯ ಮಾತೇ ಕೈಪಿಡಿಯಲ್ಲಿಲ್ಲ. ಎರಡು ದಿನಗಳ ನಂತರ ಡಿಎನ್‌ಎಸ್ ಹಾಕಿ ಕುದಿಸಿದಾಗ, ಹಳದಿಯಾಗಿಯೇ ಉಳಿಯಬೇಕಿದ್ದ ಮೂರನೆಯ ಮಾದರಿ, ಸಕ್ಕರೆ ಇದ್ದರೆ ಮಾತ್ರ ಬರುವ ಇಟ್ಟಿಗೆ ಬಣ್ಣಕ್ಕೆ ತಿರುಗಿತು. "ಸರ್, ರವದಿ ಹಾಕದ ಬಾಟ್ಲಿನ್ಯಾಗೂ ಸಕ್ರಿ ಹ್ಯಾಂಗ ಬಂತ್ರಿ?" ಎಂದು ಮುಧೋಳದ ಕಡೆಯ ವಿದ್ಯಾರ್ಥಿ ಕೇಳಿದ. ಕಿಣ್ವದ ಪುಡಿಗೆ ತುಂಬುಪದಾರ್ಥವಾಗಿ ಗ್ಲೂಕೋಸಿನಂಥ ಸಕ್ಕರೆಯನ್ನೇ ಬೆರೆಸಿದ್ದರು. ಹಾಗೆ ಬೆರೆಸುವುದು ಈ ವ್ಯಾಪಾರದಲ್ಲಿ ಅಪರೂಪವಲ್ಲ, ತಪ್ಪೂ ಅಲ್ಲ, ಆದರೆ ಲೇಬಲ್ಲಿನಲ್ಲಿ ಅದನ್ನು ಹೇಳದಿರುವುದು ತಪ್ಪು.

ಹದಗೊಳಿಸದ ರವದಿಯಿಂದ ಬಂದಂತೆ ಕಂಡದ್ದು 0.45 ಗ್ರಾಂ ಸಕ್ಕರೆ, ಅದರಲ್ಲಿ 0.25 ಗ್ರಾಂ ಡಬ್ಬಿಯದೇ. ಸೋಡಾದಲ್ಲಿ ಬೇಯಿಸಿದ್ದರಿಂದ ಆ ಪಾಲನ್ನು ಕಳೆದ ಮೇಲೂ 2 ಗ್ರಾಂ ದಾಟಿತು. ಈ ಅಂಕಿಯೂ ಪೂರ್ತಿ ಗ್ಲೂಕೋಸ್ ಅಲ್ಲ: ಹೆಮಿಸೆಲ್ಯುಲೋಸಿನಿಂದ ಬರುವ ಕ್ಸೈಲೋಸ್ ಎಂಬ ಸಕ್ಕರೆಯನ್ನೂ ಡಿಎನ್‌ಎಸ್ ಲೆಕ್ಕಕ್ಕೆ ಹಿಡಿಯುತ್ತದೆ, ಕಿಟ್ಟಿನ ಬೇಕರಿ ಯೀಸ್ಟು ಕ್ಸೈಲೋಸನ್ನು ಮುಟ್ಟುವುದಿಲ್ಲ. ಗ್ಲೂಕೋಸಿನಿಂದಲಾದರೂ ಗ್ರಾಂಗೆ ಹೆಚ್ಚೆಂದರೆ 0.51 ಗ್ರಾಂ ಎಥೆನಾಲ್ ಮಾತ್ರ ಸಾಧ್ಯವಿರುವಾಗ, ರವದಿಯಿಂದ ಮನೆಯಲ್ಲೇ ಇಂಧನ ಎಂಬ ಕೈಪಿಡಿಯ ಕೊನೆಯ ಪುಟವನ್ನು ಹರಿದುಹಾಕಿದರೂ ನಷ್ಟವಿಲ್ಲ.

ಪದವಿ ತರಗತಿಗೆ ಪಾಠ ಮಾಡಲು ಈ ಕಿಟ್ಟನ್ನು ಕೊಳ್ಳಬಹುದು. ಆಟೋಕ್ಲೇವ್ ಇಲ್ಲದವರು, ತೊಳೆಯಲು ಬಕೆಟ್‌ಗಟ್ಟಲೆ ನೀರು ಹೊಂದಿಸಲಾಗದವರು ಹಣ ಉಳಿಸಿಕೊಳ್ಳಲಿ. ಕೊಳ್ಳುವವರು ಕಿಣ್ವದ ಸಾಮರ್ಥ್ಯವನ್ನು ಫಿಲ್ಟರ್ ಪೇಪರ್ ಯೂನಿಟ್‌ನಲ್ಲಿ (ಶೋಧಕ ಕಾಗದವನ್ನು ಎಷ್ಟು ಬೇಗ ಸಕ್ಕರೆಯಾಗಿಸುತ್ತದೆ ಎಂಬ ಅಳತೆಯಲ್ಲಿ) ಬರೆದುಕೊಡಲು ಮಾರಾಟಗಾರರನ್ನು ಮೊದಲೇ ಕೇಳಬೇಕು. ನಾನು ಕೇಳಿ ಮೂರು ವಾರವಾಯಿತು, ಉತ್ತರ ಬಂದಿಲ್ಲ.