399 ರೂಪಾಯಿಯ ‘ಅನ್‌ಲಿಮಿಟೆಡ್ ಡ್ರೈವ್’ ಕೊಳ್ಳುವ ಮುಂಚೆ ಇದನ್ನು ಓದಿ

ಹೋದ ವಾರ ಅಕ್ಕನ ಮಗ ಒಂದು ಟೆಲಿಗ್ರಾಂ ಜಾಹೀರಾತು ಕಳಿಸಿ, "ತಗೊಳ್ಳಲಾ ಮಾವ?" ಅಂತ ಕೇಳಿದ. ಲೈಫ್‌ಟೈಮ್ ಅನ್‌ಲಿಮಿಟೆಡ್ ಡ್ರೈವ್, ಬರೀ 399 ರೂಪಾಯಿ. ಅಂದರೆ ಇಂಟರ್ನೆಟ್ಟಿನಲ್ಲಿ ಫೈಲು ಇಡಲು ಗೂಗಲ್ ಡ್ರೈವಿನಲ್ಲಿ ಜೀವನಪೂರ್ತಿ ಎಷ್ಟು ಬೇಕಾದರೂ ಜಾಗ. ಕೆಲವು ವರ್ಷದ ಹಿಂದೆ ನಾನು ಕೊಂಡದ್ದೂ ಇದನ್ನೇ, ರೇಟೂ ಅಷ್ಟೇ. ಅವನಿಗೆ ಫೋನಿನಲ್ಲಿ ಹೇಳಿದ್ದನ್ನು ಇಲ್ಲೂ ಬರೆಯುತ್ತಿದ್ದೇನೆ. ದಯವಿಟ್ಟು ಕೊಳ್ಳಬೇಡಿ.

ನಮ್ಮಪ್ಪ ತಾಳಮದ್ದಳೆಯ ಹವ್ಯಾಸಿ ಅರ್ಥಧಾರಿ. ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದೆ ಕೂತಲ್ಲೇ ನಡೆಸುವ ಯಕ್ಷಗಾನ; ಅದರಲ್ಲಿ ಪಾತ್ರದ ಮಾತು ಆಡುವವರು ಅರ್ಥಧಾರಿ, ಆ ಮಾತೇ ‘ಅರ್ಥ’. ಶಿರಸಿ, ಸಿದ್ದಾಪುರದ ಕಡೆ ದೇವಸ್ಥಾನದಲ್ಲೋ ಯಾರದೋ ಮನೆಯ ಜಗಲಿಯಲ್ಲೋ ರಾತ್ರಿಯಿಡೀ ಕೂತು ಅರ್ಥ ಹೇಳುತ್ತಿದ್ದರು. ಎಲ್ಲಿಗೆ ಹೋದರೂ ಟೇಪ್ ರೆಕಾರ್ಡರ್ ಜೊತೆಗಿರುತ್ತಿತ್ತು. ಅವರು ತೀರಿಕೊಂಡ ಮೇಲೆ ಅಟ್ಟದ ಟ್ರಂಕಿನಲ್ಲಿ 120 ಕ್ಯಾಸೆಟ್ ಸಿಕ್ಕಿದವು. ಮಲೆನಾಡಿನ ಮಳೆಗೆ ಅರ್ಧಕ್ಕರ್ಧ ಬೂಸ್ಟು ಹಿಡಿದಿತ್ತು.

2020ರ ಲಾಕ್‌ಡೌನಿನಲ್ಲಿ ಅವನ್ನು ಕಂಪ್ಯೂಟರಿಗೆ ಇಳಿಸಲು ಕೂತೆ. ಈ ಕೆಲಸಕ್ಕೆ ಅಡ್ಡದಾರಿ ಇಲ್ಲ. 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷವೇ ಬೇಕು. ಹತ್ತಿಯಿಂದ ಬೂಸ್ಟು ಒರೆಸಬೇಕು, ಪೆನ್ಸಿಲ್ ತೂರಿಸಿ ಸಡಿಲವಾದ ರೀಲು ಸುತ್ತಬೇಕು. ಮಧ್ಯದಲ್ಲಿ ಸಿಕ್ಕಿಹಾಕಿಕೊಂಡರೆ ಉಸಿರು ಹಿಡಿದು ಬಿಡಿಸಬೇಕು. ಐದು ತಿಂಗಳು ಹಿಡಿಯಿತು. ಮದ್ದಳೆಯ ಪೆಟ್ಟು, ಯಾರೋ ಕೆಮ್ಮಿದ್ದು, ಮಾತಿನ ನಡುವೆ ಅಪ್ಪ ಲೋಟದಿಂದ ನೀರು ಕುಡಿದ ಸದ್ದು, ಎಲ್ಲ ಅದರಲ್ಲಿತ್ತು.

ಸದ್ದು ಕೆಡಬಾರದು ಅಂತ ಎಲ್ಲವನ್ನೂ ಕುಗ್ಗಿಸದ ವೇವ್ ಫೈಲಾಗಿ ಉಳಿಸಿದೆ. ಅದರಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ ಬೇಕು. ಅಂದರೆ ಒಂದೊಂದು ಕ್ಯಾಸೆಟ್ಟಿಗೂ ಹೆಚ್ಚುಕಡಿಮೆ ಒಂದು ಜಿಬಿ. ಗೂಗಲ್ ಎಲ್ಲರಿಗೂ ಪುಕ್ಕಟೆ ಕೊಡುವ 15 ಜಿಬಿ ಬೇಗನೆ ತುಂಬಿತು. ಆಗ ಕಣ್ಣಿಗೆ ಬಿದ್ದದ್ದೇ ಈ 399 ರೂಪಾಯಿಯ ಜಾಹೀರಾತು.

ದುಡ್ಡು ಹಾಕಿದ ಹತ್ತು ನಿಮಿಷಕ್ಕೆ ಒಂದು ಇಮೇಲ್ ಐಡಿ, ಒಂದು ಪಾಸ್‌ವರ್ಡ್ ಬಂತು. ಐಡಿಯ ಕೊನೆಯಲ್ಲಿ ಯಾವುದೋ ಹೊರದೇಶದ ಕಾಲೇಜಿನ ಹೆಸರು. ಅದು ಯಾಕೆ ಅಂತ ಕೇಳಿದ್ದಕ್ಕೆ ಮಾರಿದವನು "ತಲೆ ಕೆಡಿಸ್ಕೋಬೇಡಿ ಸಾರ್, ಎಲ್ಲರೂ ಹೀಗೇ ಮಾಡೋದು" ಅಂದ. ನಾನೂ ಸುಮ್ಮನಾದೆ. ನನ್ನ ತಪ್ಪು ಶುರುವಾದದ್ದು ಅಲ್ಲೇ. ಅದು ನನ್ನದಲ್ಲದ ಜಾಗ ಅಂತ ನನಗೆ ಆ ಹೊತ್ತಿಗೇ ಗೊತ್ತಿತ್ತು.

ಎರಡು ವರ್ಷ ಏನೂ ತೊಂದರೆಯಾಗಲಿಲ್ಲ. ಎಲ್ಲ ಭದ್ರವಾಗಿದೆ ಅಂದುಕೊಂಡು, ಮನೆಗೆ ಬಣ್ಣ ಹೊಡೆಸುವಾಗ ಕ್ಯಾಸೆಟ್ಟುಗಳನ್ನೆಲ್ಲ ಗುಜರಿಗೆ ಹಾಕಿದೆ. ಕಂಪ್ಯೂಟರಿನಲ್ಲಿ ಜಾಗ ಸಾಲದೆ ಅಲ್ಲಿದ್ದ ಫೈಲುಗಳನ್ನೂ ಅಳಿಸಿದೆ. 2022ರ ಆಗಸ್ಟಿನಲ್ಲಿ ಒಂದು ದಿನ ಲಾಗಿನ್ ಆಗಲಿಲ್ಲ. ಪಾಸ್‌ವರ್ಡ್ ಮರೆತೆನೇನೋ ಅಂತ ನೋಡಿದರೆ, ಆ ಖಾತೆಯೇ ಇಲ್ಲ ಅಂತ ಬಂತು. ಮಾರಿದವನ ಟೆಲಿಗ್ರಾಂ ಖಾತೆಯೂ ಮಾಯವಾಗಿತ್ತು.

ಆಮೇಲೆ ಹುಡುಕಿ ತಿಳಿದುಕೊಂಡದ್ದು ಇಷ್ಟು. ಗೂಗಲ್ ಶಾಲೆ ಕಾಲೇಜುಗಳಿಗೆ ಪುಕ್ಕಟೆಯಾಗಿ, ಮಿತಿಯಿಲ್ಲದೆ ಜಾಗ ಕೊಡುತ್ತಿತ್ತು. ಅಂಥ ಕಾಲೇಜುಗಳ ಖಾತೆಗಳನ್ನೇ ಕದ್ದುಮುಚ್ಚಿ ಹುಟ್ಟಿಸಿ ಮಾರುವವರು ಇದ್ದರು. 2021ರ ಫೆಬ್ರವರಿಯಲ್ಲಿ ಗೂಗಲ್ ಈ ಸೌಲಭ್ಯ ನಿಲ್ಲಿಸುವುದಾಗಿ ಹೇಳಿತು. 2022ರ ಜುಲೈನಿಂದ ಇಡೀ ಸಂಸ್ಥೆಗೆಲ್ಲ ಸೇರಿ 100 ಟಿಬಿ (ಒಂದು ಟಿಬಿ ಅಂದರೆ ಸುಮಾರು ಸಾವಿರ ಜಿಬಿ) ಅಂತ ಮಿತಿ ಬಂತು. ಸಾವಿರಾರು ಮಕ್ಕಳು ಓದುವ ಕಾಲೇಜಿಗೆ ಅದು ಹಂಚಿಕೊಂಡು ಬಳಸುವ ಜಾಗ. ಕಾಲೇಜುಗಳು ಯಾರ್ಯಾರು ಎಷ್ಟೆಷ್ಟು ತುಂಬಿದ್ದಾರೆ ಅಂತ ಲೆಕ್ಕ ನೋಡಲೇಬೇಕಾಯಿತು. ಇದು ಹೊಸದೂ ಅಲ್ಲ. 2015ರಲ್ಲೇ ಮೈಕ್ರೋಸಾಫ್ಟ್ ತನ್ನ ಇಂಥದ್ದೇ ಸೇವೆಯಾದ ಒನ್‌ಡ್ರೈವ್‌ನ ಅನ್‌ಲಿಮಿಟೆಡ್ ಜಾಗ ತೆಗೆದುಹಾಕಿತ್ತು. ಕೆಲವೇ ಕೆಲವರು ತಮ್ಮ ಸಿನಿಮಾ ಸಂಗ್ರಹ ಪೂರ್ತಿ ತುಂಬಿಸಿ 75 ಟಿಬಿ ದಾಟಿದ್ದರು ಅಂತ ಅದು ಕಾರಣ ಕೊಟ್ಟಿತ್ತು. ತುಂಬಿಸಿದವರು ಕೆಲವರು, ಕಳೆದುಕೊಂಡವರು ಎಲ್ಲರೂ.

ನಾನು ಆ ಕಾಲೇಜಿಗೆ ಮೇಲ್ ಬರೆದೆ. ತಂದೆಯ ದನಿ ಇದೆ, ಒಂದು ದಿನ ತೆರೆದುಕೊಡಿ ಅಂತ ಬೇಡಿಕೊಂಡೆ. ಉತ್ತರ ಬಂತು, ಮರ್ಯಾದೆಯಿಂದಲೇ ಬರೆದಿದ್ದರು. ನೀವು ನಮ್ಮ ವಿದ್ಯಾರ್ಥಿಯಲ್ಲ, ಇಂಥ ನೂರಾರು ಖಾತೆ ಅಳಿಸಿದ್ದೇವೆ, ನಮ್ಮ ಮಕ್ಕಳಿಗೆ ಪ್ರಾಜೆಕ್ಟ್ ಇಡಲು ಜಾಗವಿರಲಿಲ್ಲ, ಅಳಿಸಿದ್ದನ್ನು ಈಗ ವಾಪಸ್ ತರಲು ಆಗುವುದಿಲ್ಲ. ಮೊದಲು ಸಿಟ್ಟು ಬಂತು. ರಾತ್ರಿ ಇನ್ನೊಮ್ಮೆ ಓದಿದಾಗ ನಾಚಿಕೆಯಾಯಿತು. ಊರ ದೇವಸ್ಥಾನದ ಪಂಕ್ತಿಯಲ್ಲಿ ಕೂತು ಉಂಡರೆ ಯಾರೂ ಏನೂ ಅನ್ನುವುದಿಲ್ಲ. ಕೊಳಗ ತಂದು ಮನೆಗೆ ತುಂಬಿಕೊಂಡು ಹೋದರೆ ಕೊನೆಯ ಪಂಕ್ತಿಯವರಿಗೆ ಅನ್ನ ಇರುವುದಿಲ್ಲ ಅಲ್ವಾ? ನಾನು ಮಾಡಿದ್ದು ಅದನ್ನೇ. ದುಡ್ಡು ಕೊಟ್ಟಿದ್ದೇನೆ ಅನ್ನುವ ಸಮಾಧಾನವೂ ಸುಳ್ಳು. ಆ 399ರಲ್ಲಿ ಒಂದು ಪೈಸೆಯೂ ಕಾಲೇಜಿಗೆ ಹೋಗಿರಲಿಲ್ಲ.

ಇನ್ನೊಂದು ವಿಷಯ ನೆನೆದರೆ ಈಗಲೂ ನಿದ್ದೆ ಬರುವುದಿಲ್ಲ. ಅದೇ ಡ್ರೈವಿನಲ್ಲಿ ತೋಟದ ಪಹಣಿ, ಅಮ್ಮನ ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋ ಇಟ್ಟಿದ್ದೆ. ಖಾತೆ ಹುಟ್ಟಿಸಿದವನ ಕೈಯಲ್ಲೂ ಕೀಲಿ ಇರುತ್ತದೆ. ಪಾಸ್‌ವರ್ಡ್ ಮರೆತಾಗ ಖಾತೆ ವಾಪಸ್ ಪಡೆಯುವ ರಿಕವರಿ ನಂಬರ್ ನಿಮ್ಮದಲ್ಲದಿದ್ದರೆ ಆ ಖಾತೆ ನಿಮ್ಮದಲ್ಲ. ಐಡಿಯ ಬಾಲದಲ್ಲಿ ನೀವು ಓದದ ಕಾಲೇಜಿನ ಹೆಸರಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಈಗಾಗಲೇ ಕೊಂಡಿದ್ದರೆ ಇವತ್ತೇ ಎಲ್ಲ ಇಳಿಸಿಕೊಂಡು, ಅಲ್ಲಿಂದ ಅಳಿಸಿ, ಹೊರಗೆ ಬನ್ನಿ.

ಹೊಟ್ಟೆ ಉರಿಯುವುದು ಯಾವುದಕ್ಕೆ ಗೊತ್ತಾ? ನನಗೆ ಅಷ್ಟು ಜಾಗ ಬೇಕೇ ಇರಲಿಲ್ಲ. ಮಾತೇ ಜಾಸ್ತಿ ಇರುವ ಹಳೇ ಕ್ಯಾಸೆಟ್ಟಿಗೆ ಸದ್ದನ್ನು ಕುಗ್ಗಿಸಿ ಇಡುವ 128 ಕೆಬಿಪಿಎಸ್‌ನ ಎಂಪಿ3 ಧಾರಾಳ ಸಾಕು. ನಿಮಿಷಕ್ಕೆ ಒಂದು ಎಂಬಿ. 120 ಕ್ಯಾಸೆಟ್ಟೂ ಸೇರಿ ಸುಮಾರು 10 ಜಿಬಿ, ನನ್ನ ಹೆಸರಿನ 15 ಜಿಬಿಯಲ್ಲೇ ಹಿಡಿಸುತ್ತಿತ್ತು. ಒಂದು ಹಾರ್ಡ್‌ಡಿಸ್ಕ್ ತಂದು ಇನ್ನೊಂದು ಪ್ರತಿ ಇಟ್ಟಿದ್ದರೆ ಕೆಲಸ ಮುಗಿಯುತ್ತಿತ್ತು.

ಉಳಿದದ್ದು ಒಂದೇ ತುಣುಕು. ಅಪ್ಪನ ವಾಲಿಯ ಅರ್ಥ, 11 ನಿಮಿಷ. ಆಗ ಚಿಕ್ಕಮ್ಮನಿಗೆ ವಾಟ್ಸಾಪಿನಲ್ಲಿ ಕಳಿಸಿದ್ದೆ. ಅವರು ಅದನ್ನು ಫೋನಿನಿಂದ ಅಳಿಸಿರಲಿಲ್ಲ. ಮೊನ್ನೆ ಅವರ ಮನೆಗೆ ಹೋಗಿ ಮೂರು ಪ್ರತಿ ಮಾಡಿಕೊಂಡು ಬಂದೆ.